ಮನೆಮಗಳು ಎಂದ ಮೇಲೆ ಸಂಬಳದ ಮಾತೇಕೆ?

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಇಬ್ಬರೂ ದುಡಿಯುವವರು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಮಕ್ಕಳನ್ನು ನೋಡಿಕೊಳ್ಳಲು ಕೊಲಂಬಿಯಾ ದೇಶದ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ‘ಓ ಪೇರ್’ ಎಂದು ಒಂದು ವರ್ಷದ ಮಟ್ಟಿಗೆ ಇಟ್ಟುಕೊಂಡಿದ್ದಾರೆ. ಊಟ, ವಸತಿಯ ಜೊತೆಗೆ ವಾರಕ್ಕೆ 200 ಡಾಲರ್ ಕೊಡುತ್ತಾರೆ. ‘ಅವಳು ಕೆಲಸದವಳಲ್ಲಮ್ಮ, ಮನೆಮಗಳ ಹಾಗೆ, ಇದು ಸಂಸ್ಕೃತಿ ವಿನಿಮಯ’ ಎನ್ನುತ್ತಾಳೆ ಮಗಳು. ನಾನು ಅಲ್ಲಿಗೆ ಹೋಗಿದ್ದಾಗ ಆ ಹುಡುಗಿ ಆಸೆಪಟ್ಟಳೆಂದು ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದೆ. ಊರಿಗೆ ಮರಳಿದ ಮೇಲೆ ಒಂದು ದಿನ ವಿಡಿಯೊ ಕಾಲ್‌ನಲ್ಲಿ ನೋಡಿದರೆ ಮಗಳು, ಅಳಿಯ ಊಟಕ್ಕೆ ಕುಳಿತಿದ್ದರು. ಹಿಂದೆ ಆ ಹುಡುಗಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಇದು ವಿನಿಮಯವೋ, ಅಗ್ಗದ ಚಾಕರಿಯೋ?
— ಹೆಸರು ಬೇಡ, ಗಾಂಧಿನಗರ, ಬಳ್ಳಾರಿ

ಉತ್ತರ: ಅಮ್ಮ, ನಿಮ್ಮನ್ನು ಕಾಡಿದ ಆ ರೊಟ್ಟಿಯಿಂದಲೇ ಆರಂಭಿಸೋಣ. ಎಸರಿಗೆ ಹಿಟ್ಟು ಹಾಕಿ ನಾದಿ, ಅಂಚು ಒಡೆದು ಹರಿದ ಮೊದಲ ರೊಟ್ಟಿಯನ್ನು ಕಂಡು ನೀವಿಬ್ಬರೂ ನಕ್ಕಿದ್ದ ದಿನ ನಡೆದದ್ದು ವಿನಿಮಯ; ಮನೆಯವರು ಕುಳಿತು ಉಣ್ಣುವಾಗ ಅವಳು ನಿಂತು ಬಡಿದದ್ದು ಅಡುಗೆ ಕೆಲಸ. ಅಮೆರಿಕದ ನಿಯಮಗಳ ಪ್ರಕಾರ ಓ ಪೇರ್ ಮಾಡಬೇಕಾದದ್ದು ಮಕ್ಕಳ ಆರೈಕೆ ಮತ್ತು ಅದಕ್ಕೆ ಸಂಬಂಧಿಸಿದ ಕೆಲಸ ಮಾತ್ರ. ಮಗುವಿಗೆ ಅನ್ನ ಕಲಸಿಕೊಡುವುದು ಅದರಲ್ಲಿ ಸೇರುತ್ತದೆ, ಅಳಿಯಂದಿರಿಗೆ ರೊಟ್ಟಿ ಬಡಿಯುವುದು ಸೇರುವುದಿಲ್ಲ.

ಫ್ರೆಂಚ್ ಭಾಷೆಯ ‘ಓ ಪೇರ್’ ಎಂಬ ಮಾತಿಗೆ ‘ಸರಿಸಮಾನವಾಗಿ’ ಎಂಬ ಅರ್ಥವಿದೆ. ಯುರೋಪಿನ ದೇಶಗಳು 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಈ ಪದ್ಧತಿಗೆಂದು ಮಾಡಿಕೊಂಡ ಒಪ್ಪಂದದಲ್ಲಿ ದಿನಕ್ಕೆ ಸಾಮಾನ್ಯವಾಗಿ 5 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದೆಂದಿತ್ತು. 1986ರಲ್ಲಿ ಆರಂಭವಾದ ಅಮೆರಿಕದ ಯೋಜನೆಯಲ್ಲಿ ಆ ಮಿತಿ ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆಗೆ ಏರಿತು. ವಾರಕ್ಕೆ 45 ಗಂಟೆ ದುಡಿಯುವವರನ್ನು ನಮ್ಮೂರಿನಲ್ಲಿ ಯಾರೂ ಅತಿಥಿ ಎಂದು ಕರೆಯುವುದಿಲ್ಲ. ಇಷ್ಟಾದರೂ ಅಲ್ಲಿ ಈ ಯೋಜನೆಯ ಉಸ್ತುವಾರಿ ಇರುವುದು ಕಾರ್ಮಿಕ ಇಲಾಖೆಯ ಕೈಯಲ್ಲಲ್ಲ, ವಿದೇಶಾಂಗ ಇಲಾಖೆಯ ಕೈಯಲ್ಲಿ.

ಇನ್ನು ಆ 200 ಡಾಲರಿನ ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅದು ಏರಿಲ್ಲ. ಊಟ, ವಸತಿಯ ಬಾಬ್ತಿಗೆಂದು ಅದರಲ್ಲಿ ಶೇಕಡಾ 40 ಕಳೆದರೆ ಉಳಿಯುವುದು 4.35, ಅದನ್ನು 45 ಗಂಟೆಗೆ ಗುಣಿಸಿದರೆ 195.75 ಡಾಲರ್. ಆದ್ದರಿಂದ ಹಣದ ಮಟ್ಟಿಗೆ ನಿಮ್ಮ ಮಗಳು ಕಾನೂನು ಮೀರಿಲ್ಲ, ನಾಲ್ಕು ಡಾಲರ್ ಹೆಚ್ಚೇ ಕೊಡುತ್ತಿದ್ದಾಳೆ. ಆದರೆ ವಿನಿಮಯ ಎಂದು ಕರೆದುಕೊಳ್ಳುವ ಏರ್ಪಾಡು ಗಂಟೆಯ ಕೂಲಿಯನ್ನು ಇಷ್ಟು ಚೊಕ್ಕವಾಗಿ ಲೆಕ್ಕಹಾಕಿ, ಅದರಲ್ಲಿ ಬಾಡಿಗೆಯನ್ನೂ ಮುರಿದುಕೊಂಡು ಕೈಗಿಡುತ್ತದೆ ಎಂಬುದನ್ನು ಗಮನಿಸಬೇಕು. ಯಾವ ಮನೆಮಗಳ ಊಟಕ್ಕೆ ನಾವು ಶೇಕಡಾ 40 ಹಿಡಿಯುತ್ತೇವೆ?

ಈ ಪ್ರಶ್ನೆಯನ್ನು ಓ ಪೇರ್‌ಗಳೇ ನ್ಯಾಯಾಲಯಕ್ಕೆ ಒಯ್ದಿದ್ದಾರೆ. ಓ ಪೇರ್‌ಗಳನ್ನು ಕುಟುಂಬಗಳಿಗೆ ಒದಗಿಸುವ ಏಜೆನ್ಸಿಗಳು ಒಳಗೊಳಗೇ ಮಾತಾಡಿಕೊಂಡು ಎಲ್ಲರಿಗೂ ಕನಿಷ್ಠ ಮೊತ್ತವನ್ನೇ ಗೊತ್ತುಮಾಡಿವೆ ಎಂದು ಕೊಲರಾಡೊದಲ್ಲಿ 2014ರಲ್ಲಿ ಹೂಡಿದ ದಾವೆ 2019ರಲ್ಲಿ 6.55 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಕನಿಷ್ಠ ವೇತನ ಓ ಪೇರ್‌ಗಳಿಗೂ ಸಲ್ಲಬೇಕೆಂದು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನಾರ್ವೆಯಂತೂ 2024ರಲ್ಲಿ ಈ ಯೋಜನೆಯನ್ನೇ ನಿಲ್ಲಿಸಿತು.

ನಾನು ರಾಯಚೂರಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಓದುತ್ತಿದ್ದಾಗ, ಮಾನ್ವಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿಯನ್ನು ‘ಓದಿಸುತ್ತೇವೆ’ ಎಂದು ಕರೆತಂದಿದ್ದರು. ಅವಳ ಪಾಟಿಚೀಲ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಮರುವರ್ಷ ಅದರಲ್ಲಿ ಬೆಳ್ಳುಳ್ಳಿ ಇಡತೊಡಗಿದರು. ಹೊಡೆದವರಿಲ್ಲ, ಬೈದವರಿಲ್ಲ, ಹಬ್ಬಕ್ಕೆ ಅವಳಿಗೂ ಹೊಸ ಲಂಗ ಬರುತ್ತಿತ್ತು. ಆ ಚೀಲದಲ್ಲಿ ಕೈಹಾಕಿ ಬೆಳ್ಳುಳ್ಳಿ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ಮನೆಗೆಲಸಕ್ಕೂ ಕನಿಷ್ಠ ವೇತನವಿರಬೇಕೆಂದು ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತುಪಡಿಸಿದರೂ, ‘ಮನೆಮಗಳು’ ಎಂದು ಕರೆಸಿಕೊಂಡವರ ಹತ್ತಿರ ಆ ಆದೇಶ ಸುಳಿಯುವುದೇ ಇಲ್ಲ. ನಿಮ್ಮ ಮಗಳ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ, ಆ ಪದದ ಬಗ್ಗೆ ಇದೆ.

ನನ್ನ ಅಭಿಪ್ರಾಯದಲ್ಲಿ ಅಮೆರಿಕದ ಈ ಏರ್ಪಾಡು ಹೆಸರಿಗೆ ವಿನಿಮಯ, ಲೆಕ್ಕದಲ್ಲಿ ಕೂಲಿ. ಒಳ್ಳೆಯ ಮನೆ ಸಿಕ್ಕ ಹುಡುಗಿ ಇಂಗ್ಲಿಷ್ ಕಲಿತು, ನಾಲ್ಕು ಊರು ನೋಡಿ ಸಂತೋಷದಿಂದ ಮರಳುತ್ತಾಳೆ ಎಂಬುದು ನಿಜ. ಆದರೆ ಒಳ್ಳೆಯ ಮನೆ ಸಿಗುವುದು ಅವಳ ಅದೃಷ್ಟ, ಅದನ್ನು ಹಕ್ಕು ಎನ್ನಲಾಗದು. ಮನೆಯವರೊಡನೆ ಕೆಟ್ಟರೆ ಅವಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ಬೇರೆ ಕುಟುಂಬ ಹುಡುಕಿಕೊಳ್ಳಬೇಕು, ಇಲ್ಲವೇ ವಿಮಾನ ಹತ್ತಬೇಕು. ಹೀಗಿರುವಾಗ ರೊಟ್ಟಿ ಬಡಿಯಲಾರೆ ಎಂದು ಅವಳು ಬಾಯಿಬಿಟ್ಟು ಹೇಳುವುದು ಕಷ್ಟ.

ಮಗಳಿಗೆ ಫೋನ್ ಮಾಡಿದಾಗ ಶೋಷಣೆ ಎಂಬ ದೊಡ್ಡ ಮಾತು ತೆಗೆಯಬೇಡಿ, ಸಣ್ಣ ಸಣ್ಣ ಪ್ರಶ್ನೆಗಳನ್ನು ಕೇಳಿ. ಅವಳ ಗಂಟೆಗಳನ್ನು ದಿನವೂ ಬರೆದಿಡುತ್ತಾರೆಯೇ? ವಾರಕ್ಕೆ ಒಂದೂವರೆ ದಿನ, ತಿಂಗಳಿಗೊಮ್ಮೆ ಪೂರ್ತಿ ವಾರಾಂತ್ಯದ ಬಿಡುವು ಸಿಗುತ್ತಿದೆಯೇ? ಕಾಲೇಜು ಶುಲ್ಕಕ್ಕೆಂದು ಕುಟುಂಬ ಕೊಡಬೇಕಾದ, 500 ಡಾಲರುಗಳವರೆಗಿನ ಹಣವನ್ನು ಕೊಟ್ಟಿದ್ದಾರೆಯೇ, ಅವಳು ತರಗತಿಗೆ ಹೋಗುತ್ತಿದ್ದಾಳೆಯೇ? ರೊಟ್ಟಿ ಕಲಿಸಿದವರು ನೀವಾದ್ದರಿಂದ, ಅದನ್ನು ಬಿಡಿಸುವ ಮಾತನ್ನೂ ನೀವೇ ಆಡಬಹುದು, ಅಳಿಯಂದಿರೂ ಕಲಿಯಲಿ.

ಪ್ರಶ್ನೆ: ಪದವಿ ಮುಗಿಸಿದ ಮಗಳು ಓ ಪೇರ್ ಆಗಿ ಜರ್ಮನಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅದು ಅಲ್ಲಿನ ನೌಕರಿ ಎಂದು ಮಧ್ಯವರ್ತಿಯೊಬ್ಬರು ಹೇಳುತ್ತಾರೆ. ಕಳುಹಿಸಬಹುದೇ?
— ಒಬ್ಬ ತಂದೆ, ಕೊಪ್ಪಳ

ಉತ್ತರ: ಅದು ನೌಕರಿಯಲ್ಲ, ಹಾಗೆ ಹೇಳಿದವರ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳಿ. ಜರ್ಮನಿಯಲ್ಲಿ ಓ ಪೇರ್ ಆಗಿರುವ ಅವಧಿ ಹೆಚ್ಚೆಂದರೆ ಒಂದು ವರ್ಷ. ವೀಸಾಕ್ಕೆ ಅರ್ಜಿ ಹಾಕುವಾಗ ವಯಸ್ಸು 27 ತುಂಬಿರಬಾರದು, ಆರಂಭದ ಹಂತದ ಜರ್ಮನ್ ಬರಬೇಕು. ಕೆಲಸ ದಿನಕ್ಕೆ 6, ವಾರಕ್ಕೆ 30 ಗಂಟೆ ಮೀರುವಂತಿಲ್ಲ. ಊಟ, ವಸತಿ, ವಿಮೆ ಕುಟುಂಬದ್ದು, ಕೈಖರ್ಚಿಗೆ ಸಿಗುವುದು ತಿಂಗಳಿಗೆ 280 ಯುರೊ. ಭಾಷೆ ಕಲಿಯುವ ಗುರಿಯಿದ್ದರೆ ಹೋಗಲಿ, ಮನೆಗೆ ಹಣ ಕಳುಹಿಸುವ ಆಸೆಯಿದ್ದರೆ ಬೇಡ. ಸಹಿ ಹಾಕುವ ಮೊದಲು ಆ ಮನೆಯಲ್ಲಿ ಹಿಂದೆ ಇದ್ದ ಓ ಪೇರ್‌ನ ಫೋನ್ ನಂಬರ್ ಕೇಳಿ, ಮಗಳು ಅವಳೊಂದಿಗೆ ತಾನೇ ಮಾತಾಡಲಿ. ಕೊಡಲು ಹಿಂಜರಿದರೆ ಬೇರೆ ಮನೆ ಹುಡುಕಲಿ.