ವೈಫೈ ಹೆಸರು ಬಚ್ಚಿಟ್ಟರೆ ಬೀಗ ಹಾಕಿದಂತಲ್ಲ

ಪ್ರಶ್ನೆ: ವೈಫೈ ಹೆಸರು ಕಾಣದಂತೆ ಮಾಡಿದ್ದೇನೆ. ನಮ್ಮ ಫೋನ್‌ಗಳ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿನ ಸಂಖ್ಯೆ) ಮಾತ್ರ ಅನುಮತಿ ಕೊಟ್ಟಿದ್ದೇನೆ. ಪಾಸ್‌ವರ್ಡ್ ನನ್ನ ಮೊಬೈಲ್ ನಂಬರ್. ಆದರೂ ಯಾರೋ ಬಳಸುತ್ತಿದ್ದಾರೆಂಬ ಅನುಮಾನ. ಸಾಧ್ಯವೇ?

ಉತ್ತರ: ಧಾರಾಳವಾಗಿ ಸಾಧ್ಯ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ನೀವು ಮಾಡಿದ ಮೂರರಲ್ಲಿ ಮೊದಲೆರಡು ದಂಡ, ಮೂರನೆಯದು ಅಪಾಯ.

ಹೆಸರು ಬಚ್ಚಿಟ್ಟರೆ ರೌಟರ್ ಅದನ್ನು ಸಾರುವುದಿಲ್ಲ, ಅಷ್ಟೆ. ಅದರ ಬದಲು ನಿಮ್ಮ ಫೋನು ಬಸ್ಸಿನಲ್ಲೂ ಮದುವೆ ಮಂಟಪದಲ್ಲೂ ‘ಇಂಥ ಹೆಸರಿನ ರೌಟರ್ ಇಲ್ಲಿದೆಯಾ?’ ಎಂದು ಕೂಗುತ್ತಾ ತಿರುಗುತ್ತದೆ. ಮ್ಯಾಕ್ ವಿಳಾಸವಂತೂ ಗಾಳಿಯಲ್ಲಿ ಹೋಗುವ ಪ್ರತಿ ಪ್ಯಾಕೆಟ್‌ನ (ಡೇಟಾ ತುಣುಕಿನ) ಮೇಲೂ ಬಟಾಬಯಲಾಗಿ ಬರೆದಿರುತ್ತದೆ. ಅದನ್ನು ನಕಲು ಮಾಡಲು ಲ್ಯಾಪ್‌ಟಾಪಿನಲ್ಲಿ ಒಂದು ಸಾಲಿನ ಕಮಾಂಡ್ ಸಾಕು.

ಇನ್ನು ಪಾಸ್‌ವರ್ಡ್. ಫೋನು ರೌಟರಿಗೆ ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಇವನ್ನು ರಸ್ತೆಯಲ್ಲಿ ನಿಂತವನೂ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಅವನು ನಿಮ್ಮ ಬೀದಿಗೆ ಬರಬೇಕಿಲ್ಲ, ತನ್ನ ಮನೆಯಲ್ಲೇ ಕೂತು ಒಂದೊಂದೇ ಪಾಸ್‌ವರ್ಡನ್ನು ಆ ಸಂದೇಶಗಳಿಗೆ ಹೊಂದಿಸಿ ನೋಡುತ್ತಾನೆ. ನಮ್ಮ ಮೊಬೈಲ್ ನಂಬರ್ 6, 7, 8, 9ರಿಂದಲೇ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ಗೇಮ್ ಆಡುವ ಹುಡುಗರ ಬಳಿ ಇರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 10 ಲಕ್ಷ ನೋಡುತ್ತದೆ. ಅಂದರೆ 4,000 ಸೆಕೆಂಡ್, ಒಂದು ಗಂಟೆ ಏಳು ನಿಮಿಷ. ನಂಬರ್ ಗೊತ್ತಿರುವ ಪಕ್ಕದ ಮನೆಯವರಿಗೆ ಅಷ್ಟೂ ಬೇಡ.

ಇದನ್ನೆಲ್ಲ ಸರಿಪಡಿಸಲು ಕಂಪ್ಯೂಟರಿನಿಂದ ರೌಟರಿಗೆ ಲ್ಯಾನ್ ಕೇಬಲ್ ಸಿಕ್ಕಿಸಿಯೇ ಕೆಲಸ ಶುರುಮಾಡಿ. ವೈಫೈನಲ್ಲಿ ಕೂತು ವೈಫೈ ಪಾಸ್‌ವರ್ಡ್ ಬದಲಿಸಿದರೆ ಅರ್ಧದಲ್ಲೇ ಹೊರಬೀಳುತ್ತೀರಿ. ರೌಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಮೊದಲು ಅಡ್ಮಿನ್ (ರೌಟರ್ ಸೆಟ್ಟಿಂಗ್ಸ್‌ಗೆ ಹೋಗುವ) ಪಾಸ್‌ವರ್ಡ್ ಬದಲಿಸಿ. ವೈಫೈಗೆ ಬುಗುರಿ, ಮಜ್ಜಿಗೆ, ತೊಟ್ಟಿಲು ಎಂಬಂಥ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಜೋಡಿಸಿ (ಇವನ್ನೇ ಅಲ್ಲ, ದಯವಿಟ್ಟು). ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಮಿತಿ 63 ಅಕ್ಷರ. ಸೆಕ್ಯುರಿಟಿಯಲ್ಲಿ ಹೊಸ ಪದ್ಧತಿಯಾದ ಡಬ್ಲ್ಯೂಪಿಎ3 ಆರಿಸಿ. ಹಳೆಯ ಪ್ರಿಂಟರ್ ಸೇರದಿದ್ದರೆ ಡಬ್ಲ್ಯೂಪಿಎ2/3 ಮಿಶ್ರ. ಗೂಢಲಿಪೀಕರಣದ (ಎನ್‌ಕ್ರಿಪ್ಷನ್) ವಿಧ ಕೇಳಿದರೆ ಹಳೆಯ ಟಿಕೆಐಪಿ ಬೇಡ, ಎಇಎಸ್ ಇರಲಿ. ಟಿಕೆಐಪಿ ಇಟ್ಟರೆ ವೇಗವೂ 54 ಎಂಬಿಪಿಎಸ್‌ಗೆ ಕುಸಿಯುತ್ತದೆ.

ಪಾಸ್‌ವರ್ಡ್ ಬರೆಯದೆ ಬಟನ್ ಅಥವಾ ಪಿನ್‌ನಿಂದ ಸಾಧನ ಸೇರಿಸುವ ಡಬ್ಲ್ಯೂಪಿಎಸ್ ಸೌಲಭ್ಯ ಮುಚ್ಚದಿದ್ದರೆ ಇಷ್ಟೂ ನೀರಿನಲ್ಲಿ ಹೋಮ. ಅದರ ಪಿನ್ ಎಂಟಂಕಿ. ಆದರೆ ರೌಟರ್ ಅದನ್ನು ನಾಲ್ಕು ನಾಲ್ಕಾಗಿ ಒಡೆದು ನೋಡುತ್ತದೆ, ಕೊನೆಯ ಅಂಕಿ ಬರೀ ಉಳಿದ ಏಳರ ತಾಳೆಗೆ. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನದಲ್ಲಿ ಬಾಗಿಲು ತೆರೆಯುತ್ತದೆ. 2011ರಲ್ಲೇ ಬಯಲಾದ ಹುಳುಕಿದು. ‘ಅದು ಆನ್ ಇದ್ದರೆ ಅನುಕೂಲ’ ಎನ್ನುವ ಇನ್‌ಸ್ಟಾಲೇಷನ್ ಹುಡುಗರ ಮಾತು ಕೇಳಬೇಡಿ.

ಇಷ್ಟಾದ ಮೇಲೂ ನೆಂಟರಿಗೆ ಕ್ಯೂಆರ್ ಕೋಡ್ ತೋರಿಸುವ ಚಾಳಿಯಿದ್ದರೆ ನೆನಪಿರಲಿ, ಅದರೊಳಗೆ ಪಾಸ್‌ವರ್ಡ್ ಇದ್ದ ಹಾಗೇ ಇರುತ್ತದೆ. ಅವರಿಗೆ ಅದೇ ರೌಟರಿನಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡಿನಿಂದ ತೆರೆಯುವ ಗೆಸ್ಟ್ ನೆಟ್‌ವರ್ಕ್ ಕೊಡಿ.

ಪ್ರಶ್ನೆ: ರೈಲ್ವೆ ನಿಲ್ದಾಣದ ಉಚಿತ ವೈಫೈನಲ್ಲಿ ಬ್ಯಾಂಕ್ ವ್ಯವಹಾರ ಮಾಡಬಹುದೇ?

ಉತ್ತರ: ಬ್ಯಾಂಕ್ ಆ್ಯಪ್‌ಗೆ ತನ್ನದೇ ಗೂಢಲಿಪೀಕರಣ ಇದೆ, ಆದರೆ ಅದೇ ಹೆಸರಿನ ನಕಲಿ ವೈಫೈ ಯಾರು ಬೇಕಾದರೂ ತೆರೆಯಬಹುದು, ಎರಡು ನಿಮಿಷದ ಕೆಲಸಕ್ಕೆ ಸ್ವಂತ ಡೇಟಾ ಬಳಸಿ.

ಪ್ರಶ್ನೆ: ರೌಟರಿನ ವಿಕಿರಣ ತಡೆಯಲು 499 ರೂಪಾಯಿಯ ಸ್ಟಿಕ್ಕರ್ ಅಂಟಿಸಿದ್ದೇವೆ. ಸಾಕೇ?

ಉತ್ತರ: ಅದು ತಡೆಯುತ್ತಿದ್ದರೆ ವೈಫೈಯೇ ಸಿಗಬಾರದಿತ್ತು. ಸಿಗುತ್ತಿದೆ ತಾನೆ?

ಪ್ರಶ್ನೆ: ಅಕ್ಕಪಕ್ಕದ ಮಕ್ಕಳು ಓದಿಕೊಳ್ಳಲೆಂದು ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದೇನೆ. ತಪ್ಪೇ?

ಉತ್ತರ: ಮನಸ್ಸು ಒಳ್ಳೆಯದು, ಮಾಡಿದ್ದು ತಪ್ಪು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುನ್ನ ಬಂದ ಬೆದರಿಕೆಯ ಇಮೇಲ್ ಹೊರಟಿದ್ದು ನವಿ ಮುಂಬೈಯ ಮನೆಯೊಂದರ ವೈಫೈನಿಂದ. ಪೊಲೀಸರು ಐಪಿ ವಿಳಾಸ (ಅಂತರ್ಜಾಲದಲ್ಲಿ ಆ ಸಂಪರ್ಕದ ಗುರುತಿನ ಸಂಖ್ಯೆ) ಹಿಡಿದು ಮೊದಲು ಹೋಗಿದ್ದು ಆ ಮನೆಗೇ. ಗೆಸ್ಟ್ ನೆಟ್‌ವರ್ಕ್‌ಗೂ ಹೊರಗೆ ಕಾಣುವುದು ನಿಮ್ಮದೇ ಐಪಿ, ಆದ್ದರಿಂದ ಅದಕ್ಕೂ ಪಾಸ್‌ವರ್ಡ್ ಇಟ್ಟು ಆ ಮಕ್ಕಳಿಗೆ ಮಾತ್ರ ಕೊಡಿ, ಪರೀಕ್ಷೆ ಮುಗಿದ ದಿನ ಬದಲಿಸಿ.