ಆಳದಲ್ಲಿರುವ ಕಾರ್ಬನ್ ಎಲ್ಲಾ ನಮ್ಮದಲ್ಲ

ಅಂಟಾರ್ಕ್ಟಿಕದ ಆಳದ ನೀರಿನಲ್ಲಿ ಕಾರ್ಬನ್ ಜಾಸ್ತಿ ಇದೆ, ಹಾಗಾಗಿ ಮನುಷ್ಯ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಅಲ್ಲಿ ಸುಲಭ ಅಲ್ವಾ, ಎಂಎಸ್ಸಿ ಪ್ರಾಜೆಕ್ಟಿಗೆ ಅದನ್ನೇ ತಗೊಳ್ಳಲಾ, ಅರಬ್ಬಿ ಸಮುದ್ರ ಹಿಡಿಯಲಾ ಅಂತ ಕೇಳಿದ್ದೀರಿ. ಧಾರವಾಡದಲ್ಲಿ ಕೆಮಿಸ್ಟ್ರಿ ಮುಗಿಸಿ ಗೋವಾಕ್ಕೆ ಬಂದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ವಾಸ್ಕೋದ ರೂಮಿನಲ್ಲಿ ಕೂತು ಗ್ಲೋಡ್ಯಾಪ್ ಡೇಟಾ, ಅಂದರೆ ಜಗತ್ತಿನ ಕಡಲುಗಳ ನೀರಿನ ಅಳತೆಗಳ ಸಂಗ್ರಹ, ಇಳಿಸಿಕೊಂಡೆ. ಅದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರದ ಮೇಲಿನ ನೀರಿನಲ್ಲಿ ಕೆಜಿಗೆ ಸುಮಾರು 2150 ಮೈಕ್ರೋಮೋಲ್ (ಅಣುಗಳನ್ನು ಎಣಿಸುವ ಅಳತೆ) ಕರಗಿದ ಕಾರ್ಬನ್, ಆಳದಲ್ಲಿ ಸುಮಾರು 2250. ನಡುವಿನ ನೂರು ನಮ್ಮ ಗಾಡಿ, ಕಾರ್ಖಾನೆಗಳದ್ದು ಅಂತ ಒಂದು ಅಧ್ಯಾಯವನ್ನೇ ಬರೆದೆ. ಲ್ಯಾಬಿನಲ್ಲಿದ್ದ ಗದಗಿನ ಸೀನಿಯರ್ ಒಬ್ಬರು ಗ್ರಾಫ್ ನೋಡಿ ಕೇಳಿದರು: "ಆಕ್ಸಿಜನ್ ಕಾಲಂ ಎಲ್ಲೈತಿ?" ಬೇಡ ಅಂತ ಅದನ್ನು ಅಳಿಸಿಬಿಟ್ಟಿದ್ದೆ. ಅಧ್ಯಾಯ ಪೂರ್ತಿ ಹೋಯಿತು, ಫೆಲೋಶಿಪ್ ಅವಧಿಯೂ ಅದರ ಜೊತೆಗೇ ಮುಗಿಯಿತು.

ಇದನ್ನು ಬಿಡಿಸಿ ಹೇಳಲೇಬೇಕು. ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಅಂದರೆ ಪ್ಲಾಂಕ್ಟನ್, ಸತ್ತು ಕೆಳಗಿಳಿಯುತ್ತವೆ. ಬ್ಯಾಕ್ಟೀರಿಯಾ ಅದನ್ನು ತಿಂದು ಆಕ್ಸಿಜನ್ ಖರ್ಚು ಮಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ನೂರಾರು ವರ್ಷ ಗಾಳಿಯ ಮುಖ ನೋಡದ ನೀರಿನಲ್ಲಿ ಅದು ಸೇರುತ್ತಲೇ ಹೋಗುತ್ತದೆ. ಕಲ್ಲಿದ್ದಲು ಸುಡುವ ಕಾಲಕ್ಕೂ ಮೊದಲೇ ಆಳದಲ್ಲಿ ಕಾರ್ಬನ್ ಜಾಸ್ತಿ ಇತ್ತು. ನಮ್ಮದು ಬರುವುದು ಗಾಳಿಯಿಂದ, ಮೇಲಿನಿಂದ. ಹಾಗಾಗಿ ಅದು ಮೇಲೆ ಜಾಸ್ತಿ, ಕೆಳಗೆ ಕಡಿಮೆ. ನಾನು ಬರೆದದ್ದು ಸರಿಯಾಗಿ ತಲೆಕೆಳಗು.

ಮೊದಲು ಕಳೆಯಬೇಕು. 170 ಆಕ್ಸಿಜನ್ ಅಣು ಖರ್ಚಾದರೆ ಸುಮಾರು 117 ಕಾರ್ಬನ್ ಸೇರಿದೆ ಅಂತ ಹಿಡಿಯುತ್ತಾರೆ. ಕಡಲ ಜೀವಿಗಳ ಚಿಪ್ಪು ಕರಗಿ ಬಂದದ್ದನ್ನೂ ಕಳೆಯಿರಿ. ಕಾರ್ಖಾನೆಗಳಿಗೂ ಮೊದಲು, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 280 ಪಿಪಿಎಂ (ಹತ್ತು ಲಕ್ಷಕ್ಕೆ 280 ಭಾಗ) ಇದ್ದ ಕಾಲದಲ್ಲಿ ಈ ನೀರು ಮುಳುಗಿದ್ದರೆ ಎಷ್ಟು ಇರುತ್ತಿತ್ತೋ ಅದನ್ನೂ ಕಳೆಯಿರಿ. ತಳದ ನೀರಿನಲ್ಲಿ ಕೊನೆಗೆ ನಮ್ಮದು ಅಂತ ಉಳಿಯುವುದು ಹತ್ತು ಮೈಕ್ರೋಮೋಲ್ ಆಸುಪಾಸು. 2250ರಲ್ಲಿ ಹತ್ತು! ಅದಕ್ಕೇ ಹಡಗಿನಲ್ಲಿ ಸ್ಯಾಂಪಲ್ ಹಿಡಿಯುವಾಗ ಟ್ಯೂಬನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ನೀರು ತುಂಬಿ ಹೊರಗೆ ಹರಿಯಲು ಬಿಡುತ್ತಾರೆ. ಒಂದು ಗುಳ್ಳೆಯೂ ಉಳಿಯಬಾರದು. ಆಮೇಲೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಜೀವಿಗಳನ್ನು ಕೊಂದು, ಗ್ರೀಸ್ ಹಚ್ಚಿದ ಬಿರಡೆ ಒತ್ತುತ್ತಾರೆ.

ತಳಕ್ಕೆ ಅಷ್ಟು ಕಡಿಮೆ ಯಾಕೆ? ಅಂಟಾರ್ಕ್ಟಿಕದ ಅಂಚಿನ ವೆಡೆಲ್, ರಾಸ್ ಸಮುದ್ರಗಳಲ್ಲಿ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ಬಿಡುತ್ತದೆ. ಉಳಿದ ನೀರು ಭಾರವಾಗಿ ಇಳಿಜಾರಿನಲ್ಲಿ ಜಾರಿ ಸಾವಿರಾರು ಮೀಟರ್ ಕೆಳಗೆ ಹೋಗುತ್ತದೆ. ಗಾಳಿಯ ಜೊತೆ ಸಮ ಆಗಲು ಆಕ್ಸಿಜನ್‌ಗೆ ಕೆಲವು ವಾರ ಸಾಕು, ಕಾರ್ಬನ್ ಡೈಆಕ್ಸೈಡ್‌ಗೆ ತಿಂಗಳುಗಟ್ಟಲೆ ಬೇಕು. ಮೇಲೆ ಹಿಮದ ಮುಚ್ಚಳ ಬೇರೆ. ಅರ್ಧಂಬರ್ಧ ಹೀರಿಕೊಂಡೇ ನೀರು ಮುಳುಗುತ್ತದೆ. ಅದು ಈಚೆಗೆ ಮೇಲಿತ್ತು ಅನ್ನುವುದಕ್ಕೆ ಸಾಕ್ಷಿ ಸಿಎಫ್‌ಸಿ. 1930ರ ದಶಕಕ್ಕೆ ಮೊದಲು ಮನುಷ್ಯ ಮಾಡಿದ ಈ ಫ್ರಿಜ್ ಗ್ಯಾಸ್ ಗಾಳಿಯಲ್ಲಿ ಇರಲೇ ಇಲ್ಲ. ವೆಡೆಲ್ ತಳದಲ್ಲಿ ಅದು ಸಿಗುತ್ತದೆ.

ಇನ್ನೊಂದು ವಿಷಯ. ಕಡಲು ಹೀರುವ ನಮ್ಮ ಕಾರ್ಬನ್‌ನಲ್ಲಿ ಸುಮಾರು ಶೇ. 40 ಒಳಗೆ ಹೋಗುವುದು ದಕ್ಷಿಣ ಸಾಗರದಲ್ಲೇ, ನಿಜ. ಆದರೆ ಅದರ ದೊಡ್ಡ ಪಾಲು ಧ್ರುವದ ತಳ ಸೇರುವುದಿಲ್ಲ. ಉತ್ತರಕ್ಕೆ ಸರಿದು, ಸಾವಿರ ಮೀಟರ್ ಆಸುಪಾಸಿನ ಆಳದೊಳಗೇ ಹರಡಿಕೊಳ್ಳುತ್ತದೆ. ತಳವೇ ದೊಡ್ಡ ಉಗ್ರಾಣ ಅಂದುಕೊಂಡರೆ ಪ್ರಾಜೆಕ್ಟ್ ಶುರುವಿನಲ್ಲೇ ದಾರಿ ತಪ್ಪುತ್ತದೆ.

ವಿಷಯ ತಗೊಳ್ಳಿ, ಖಂಡಿತ ತಗೊಳ್ಳಿ. ಹಡಗು ಹತ್ತುವ ಆಸೆಗೆ ಸುಮ್ನೆ ಕಾಯಬೇಡಿ, ಇರುವ ಡೇಟಾ ಧಾರಾಳ ಇದೆ. ಅರಬ್ಬಿ ಸಮುದ್ರವನ್ನೂ ಬಿಡಬೇಡಿ. ನಮ್ಮ ಗೋವಾದಿಂದಾಚೆ 200ರಿಂದ 1000 ಮೀಟರ್ ಆಳದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕಾರ್ಬನ್ ಮಾತ್ರ ರಾಶಿ. ಆ ಹೆಚ್ಚುವರಿಯ ಬಹುಪಾಲು ಬ್ಯಾಕ್ಟೀರಿಯಾಗಳದ್ದೇ. ಕಳೆಯುವ ಲೆಕ್ಕವನ್ನು ಮೊದಲು ಅಲ್ಲಿ ಮಾಡಿ ಕೈ ಪಳಗಿಸಿಕೊಳ್ಳಿ, ಆಮೇಲೆ ವೆಡೆಲ್ ಫೈಲ್ ತೆರೆಯಿರಿ.