ಮುಖಕ್ಕೆ ಸೋಪು ಹಚ್ಕೊಂಡಾಗ ಓಲಾಡ್ತಿದ್ದ ಸುಮಕ್ಕ

ಹೆಸರು, ಊರು ಎಲ್ಲಾ ಬದಲಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ಸುಮಕ್ಕ ಅನ್ನೋಣ. ವಯಸ್ಸು 51, ಮನೇಲೇ ಬ್ಲೌಸ್ ಹೊಲೀತಾರೆ, ಸೊಂಟ ನೋವು ಶುರುವಾಗಿ ಆರು ವರ್ಷ. ನನ್ನ ಹತ್ರ ಬಂದಿದ್ದು ನೋವಿಗಲ್ಲ, "ಆಚೆ ಹೋಗೋಕೇ ಹೆದರ್ತಾಳೆ, ಡಿಪ್ರೆಶನ್ ಇರ್ಬೇಕು ನೋಡಿ ಮೇಡಂ" ಅಂತ ಯಜಮಾನ್ರು ಕರ್ಕೊಂಡು ಬಂದಿದ್ರು.

ಬಾಗಿಲಿಂದ ಕುರ್ಚಿವರೆಗೆ ಇರೋದೇ ನಾಲ್ಕು ಹೆಜ್ಜೆ, ಅಷ್ಟಕ್ಕೂ ಮೊದ್ಲು ಗೋಡೆ, ಆಮೇಲೆ ಟೇಬಲ್ಲು, ಆಮೇಲೆ ಕುರ್ಚಿ ಬೆನ್ನು ಹೀಗೆ ಕೈ ಬದಲಿಸ್ತಾ ಬಂದು ಕೂತ್ರು. ಮನೇಲೂ ರೂಮಿಂದ ಬಚ್ಚಲಿಗೆ ಹೋಗೋ ಗೋಡೆ ಮೇಲೆ ಅವರ ಕೈ ಎತ್ತರಕ್ಕೆ ಉದ್ದಕ್ಕೂ ಎಣ್ಣೆ ಕಲೆ ಆಗಿದೆಯಂತೆ, ಸೊಸೆ ಎಷ್ಟು ಒರೆಸಿದ್ರೂ ಮತ್ತೆ ಬರುತ್ತಂತೆ.

"ಬೀಳ್ತೀನಿ ಅಂತ ಯಾವಾಗ ಅನ್ಸುತ್ತೆ ಅಕ್ಕ?" ಅಂದೆ. "ಮುಖಕ್ಕೆ ಸೋಪು ಹಚ್ಕೊಂಡು ಕಣ್ಣು ಮುಚ್ಚಿದ್ರೆ ಸಾಕು ಮೇಡಂ, ನಿಂತಲ್ಲೇ ಓಲಾಡ್ತೀನಿ. ಲಂಗದೊಳಗೆ ಕಾಲು ಹಾಕೋವಾಗ. ಕರೆಂಟ್ ಹೋದಾಗ. ಯಾರಿಗೂ ಹೇಳಿಲ್ಲ, ವಯಸ್ಸಾಯ್ತು ಅಂತಾರೆ" ಅಂದು ಕಣ್ಣು ತುಂಬ್ಕೊಂಡ್ರು.

ಆರು ವರ್ಷದಲ್ಲಿ ಎಕ್ಸ್‌ರೇ ಆಗಿದೆ, ಎಂಆರ್‌ಐ ಆಗಿದೆ, ಬೆಲ್ಟ್ ಬಂದಿದೆ, ಆದ್ರೆ ಒಂಟಿ ಕಾಲಲ್ಲಿ ನಿಲ್ತೀರಾ ಅಂತ ಒಬ್ರೂ ಕೇಳಿರ್ಲಿಲ್ಲ. ನಂಗೆ ನಿಜವಾಗ್ಲೂ ಹೊಟ್ಟೆ ಉರೀತು.

ನಾನು ಅವರಿಗೆ ಹೇಳಿದ್ದು ಇಷ್ಟು. ನಾವು ಬೀಳದೆ ನಿಲ್ಲೋದು ಮೂರು ಕಡೆಯಿಂದ ಬರೋ ಸುದ್ದಿ ಮೇಲೆ: ಕಣ್ಣು, ಒಳಕಿವಿ, ಮತ್ತೆ ಪಾದ, ಕೀಲು, ಸ್ನಾಯುಗಳು. ಸೊಂಟದ ಒಳಗಿರೋ ಸಣ್ಣ ಸಣ್ಣ ಸ್ನಾಯುಗಳು ಮೈ ಎಷ್ಟು ವಾಲಿದೆ ಅಂತ ಮೆದುಳಿಗೆ ಹೇಳ್ತಾನೇ ಇರ್ತವೆ, ನೋವು ವರ್ಷಗಟ್ಲೆ ಇದ್ರೆ ತುಂಬಾ ಜನಕ್ಕೆ ಆ ಸುದ್ದಿ ಮಂಕಾಗುತ್ತೆ, ಸ್ನಾಯು ಬಿಗಿ ಹಿಡಿಯೋದೂ ಲೇಟಾಗುತ್ತೆ, ಆಗ ಮೈ ಜಾಸ್ತಿ ಕಣ್ಣನ್ನೇ ನಂಬ್ಕೊಂಡು ನಿಲ್ಲುತ್ತೆ. ಕಣ್ಣು ಮುಚ್ಚಿದ್ರೆ ಓಲಾಟ ಅದಕ್ಕೇ. ಮೇಲಿಂದ ಬೀಳೋ ಭಯ, ಭಯಕ್ಕೆ ಉಸಿರು ಬಿಗಿ ಹಿಡಿದು ಸೊಂಟನ ಕೊರಡು ಮಾಡ್ಕೊಳ್ತೀವಿ, ಕೊರಡಿನ ಹಾಗೆ ನಿಂತ ಮೈಗೆ ಸ್ವಲ್ಪ ತಳ್ಳಿದ್ರೂ ಸಾವರಿಸ್ಕೊಳ್ಳೋಕೆ ಆಗಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವಕಲಾಗೋದು ಬೇರೆ ಇದೆ, ಹಾಗಾಗಿ ಬೀಳೋದು ಸಣ್ಣ ವಿಷ್ಯ ಅಲ್ಲ.

ಬೇಸರ ಇರ್ಲಿಲ್ಲ ಅಂತಲ್ಲ, ಇತ್ತು. ಆದ್ರೆ ದೇವಸ್ಥಾನ ಬಿಟ್ಟು, ಮದುವೆ ಮನೆ ಬಿಟ್ಟು, ಬಾಗಿಲಿಗೆ ರಂಗೋಲಿ ಹಾಕೋದೂ ಬಿಟ್ಟು ಕೂತ್ರೆ ಯಾರಿಗೆ ಬೇಸರ ಬರಲ್ಲ ಹೇಳಿ.

ಮೊದ್ಲು ಡಾಕ್ಟರ್ ಹತ್ರ ಕಳಿಸ್ದೆ, ಯಾಕಂದ್ರೆ ಶುಗರ್ ಜಾಸ್ತಿ ಇದ್ರೂ, ಬಿ12 ಕಮ್ಮಿ ಆದ್ರೂ ಪಾದ ಜೋಮು ಹಿಡಿದು ಹೀಗೇ ಓಲಾಡ್ತಾರೆ. ಶುಗರ್ ಸರಿ ಇತ್ತು, ಬಿ12 ಸ್ವಲ್ಪ ಕಮ್ಮಿ ಅಂತ ಮಾತ್ರೆ ಕೊಟ್ರು. ಆಮೇಲೆ ಫಿಸಿಯೋ. ಅವರು ಹೇಳ್ಕೊಟ್ಟಿದ್ದನ್ನ ದಿನದ ಕೆಲಸಕ್ಕೆ ಸೇರಿಸೋದು ನನ್ನ ಪಾಲಿಂದು: ಹಾಲು ಕಾಯೋವಾಗ ಅಡುಗೆ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲಿ, ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ಉಸಿರು ಮಾತ್ರ ಬಿಗಿ ಹಿಡೀಬೇಡಿ. ಕಟ್ಟೆ ಪಕ್ಕನೇ ಮುಂದಿನ ಕಾಲಿನ ಹಿಮ್ಮಡಿಗೆ ಹಿಂದಿನ ಕಾಲಿನ ಬೆರಳು ತಾಗಿಸ್ಕೊಂಡು ನಡೀರಿ. ಕಣ್ಣು ಮುಚ್ಚೋದು ಸೊಸೆ ಪಕ್ಕ ಇದ್ದಾಗ ಮಾತ್ರ. ಸದ್ಯಕ್ಕೆ ಸ್ಟೂಲ್ ಮೇಲೆ ಕೂತ್ಕೊಂಡು ಸ್ನಾನ, ಗೋಡೆಗೊಂದು ಹಿಡಿ, ಸವೆದ ಹವಾಯಿ ಚಪ್ಪಲಿ ಆಚೆಗೆ.

ಯಜಮಾನ್ರಿಗೂ ಹೇಳ್ದೆ, ಎದ್ದಾಗೆಲ್ಲ "ಜೋಪಾನ, ಬೀಳ್ತೀಯಾ" ಅನ್ನೋದು ಬಿಡಿ ಅಣ್ಣ, ಸುಮ್ನೆ ಪಕ್ಕದಲ್ಲಿ ನಡೀರಿ ಸಾಕು. ಅವರಿಗೆ ಬೇಜಾರಾಯ್ತು, ಪ್ರೀತಿಗೇ ಹೇಳ್ತಿದ್ದಿದ್ದು ಪಾಪ. ಆದ್ರೂ ಬಿಟ್ರು.

ಇಬ್ರಿಗೂ ಬರೆದು ಕೊಟ್ಟ ಇನ್ನೊಂದು ಮಾತು, ತೊಡೆ ಸಂದಿ, ಕೂರೋ ಜಾಗ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಗೊತ್ತಿಲ್ದೆ ಹೋದ್ರೆ, ಪಾದ ಎತ್ತೋಕಾಗ್ದೆ ಎಳೆದ್ರೆ, ಅವತ್ತೇ ಆಸ್ಪತ್ರೆಗೆ ಓಡಿ, ಬೆಳಗಾಗ್ಲಿ ಅನ್ಬೇಡಿ.

ಮೂರು ತಿಂಗಳಾಯ್ತು. ಬಲಗಾಲಲ್ಲಿ 3 ಸೆಕೆಂಡ್ ನಿಲ್ತಿದ್ದೋರು ಈಗ 12 ನಿಲ್ತಾರೆ, ಎಡಗಾಲಲ್ಲಿ ಇನ್ನೂ 6 ದಾಟಿಲ್ಲ. ನೋವು ಪೂರ್ತಿ ಹೋಗಿಲ್ಲ. ಬಾಗಿಲಲ್ಲಿ ರಂಗೋಲಿ ಮತ್ತೆ ಶುರುವಾಗಿದೆ, ಸಣ್ಣ ಮಣೆ ಮೇಲೆ ಕೂತ್ಕೊಂಡು, ಐದು ಚುಕ್ಕಿದು.